ಪ್ರಾದೇಶಿಕ ಕ್ರೀಡಾ ಹಾಲ್ ಆಫ್ ಫೇಮ್: ವಾರ್ಷಿಕೋತ್ಸವದ ಸೇರ್ಪಡೆ ಸಮಾರಂಭ, ಪ್ರಾಯೋಜಕತ್ವ ಎರಡನ್ನೂ ಸಜ್ಜುಗೊಳಿಸುವ ಬಗೆ

ಒಂದು ಪ್ರದೇಶದ ಆಟಗಾರರನ್ನು, ಕೋಚ್‌ಗಳನ್ನು, ಅಂಪೈರ್‌ಗಳನ್ನು, ಕ್ಲಬ್ಬು ಕಟ್ಟಿ ಬೆಳೆಸಿದವರನ್ನು ನೆನಪಿನಲ್ಲಿಡಲು ನಡೆಯುವ ಸಣ್ಣ ಹಾಲ್ ಆಫ್ ಫೇಮ್‌ಗೆ ವರ್ಷದಲ್ಲಿ ದೊಡ್ಡ ಸಂಜೆ ಎಂದರೆ ಒಂದೇ. ಹೊಸಬರ ಸೇರ್ಪಡೆ ಆಗುವುದೂ ಅಂದೇ, ಮುಂದಿನ ವರ್ಷದ ಖರ್ಚಿಗೆ ಹಣ ಕೂಡುವುದೂ ಅಂದೇ. ಸಂಸ್ಥೆಗೆ ಹತ್ತೋ ಇಪ್ಪತ್ತೈದೋ ಐವತ್ತೋ ತುಂಬುವ ವರ್ಷ ಬಂತೆಂದರೆ ವಾರ್ಷಿಕೋತ್ಸವದ ಹೊರೆಯೂ ಅದೇ ಸಂಜೆಯ ಮೇಲೆ ಬೀಳುತ್ತದೆ. ಮೂರೂ ಒಂದೇ ವೇದಿಕೆಗಾಗಿ ಎಳೆದಾಡುವಾಗ ಯಾವುದಕ್ಕೆ ಮೊದಲ ಮಣೆ ಎಂಬುದನ್ನು ಸಮಿತಿ ತನ್ನ ಮೊದಲ ಸಭೆಯಲ್ಲೇ ಬರೆದಿಟ್ಟುಕೊಳ್ಳಬೇಕು.

ನನ್ನ ಮಟ್ಟಿಗೆ ಅದು ಸೇರ್ಪಡೆಗೇ ಸಲ್ಲಬೇಕು. ಅಂದು ವೇದಿಕೆ ಹತ್ತುವವರಲ್ಲಿ ಹೆಚ್ಚಿನವರಿಗೆ ಇಷ್ಟು ದೊಡ್ಡ ಸಭೆಯ ಎದುರು ಬದುಕಿನಲ್ಲಿ ಸಿಗುವ ಕೊನೆಯ ಚಪ್ಪಾಳೆ ಅದೇ ಆಗಿರಬಹುದು. ಪ್ರಾಯೋಜಕರು ಹಣ ಕೊಡುವುದೂ ಆ ಗೌರವದ ಪಕ್ಕದಲ್ಲಿ ನಿಲ್ಲಲಿಕ್ಕೆ. ಆಯ್ಕೆಯ ಮೇಲಿನ ನಂಬಿಕೆ ಹೋದರೆ ಪ್ರಾಯೋಜಕರ ಮುಂದಿಡಲು ಸಂಸ್ಥೆಯ ಬಳಿ ಏನೂ ಉಳಿಯುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ಈ ಕ್ರಮದಲ್ಲಿ ಇಟ್ಟಿರುವುದಕ್ಕೆ ಕಾರಣ ಅದೇ.

ಮೊದಲ ಹೆಜ್ಜೆ: ಯಾವುದರ ವರ್ಷ, ಯಾತಕ್ಕಾಗಿ ಹಣ

ಹನ್ನೆರಡು ತಿಂಗಳ ಮುಂಚೆ ಕೆಲಸ ಶುರುವಾಗಲಿ. ಯಾವ ದಿನದಿಂದ ವರ್ಷ ಎಣಿಸುತ್ತಿದ್ದೀರಿ ಎಂಬುದು ಮೊದಲ ಪ್ರಶ್ನೆ. ಸಂಸ್ಥೆ ನೋಂದಣಿಯಾದ ವರ್ಷ, ಮೊದಲ ಸನ್ಮಾನಿತರ ಆಯ್ಕೆಯಾದ ವರ್ಷ, ಪ್ರದರ್ಶನ ಕೊಠಡಿ ತೆರೆದ ವರ್ಷ ಮೂರೂ ಬೇರೆ ಬೇರೆ ಇರುವುದುಂಟು. ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಮೊದಲ ಚುನಾವಣೆ ನಡೆದದ್ದು 1936ರಲ್ಲಿ, ಕಟ್ಟಡದ ಉದ್ಘಾಟನೆಯಾದದ್ದು 1939ರ ಜೂನ್ 12ರಂದು. ಅಷ್ಟರೊಳಗೆ ಆಯ್ಕೆಯಾಗಿದ್ದವರನ್ನೆಲ್ಲ ಅಂದೇ ಒಟ್ಟಿಗೆ ಗೌರವಿಸಿದರು. ಆ ಸಮಾರಂಭವನ್ನು ಬೇಸ್‌ಬಾಲ್‌ನ ಶತಮಾನೋತ್ಸವವೆಂದೂ ಸಾರಲಾಗಿತ್ತು. 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಅದೇ ಊರಿನಲ್ಲಿ ಆಟವನ್ನು ಹುಟ್ಟುಹಾಕಿದ ಎಂಬ ನಂಬಿಕೆ ಅದರ ಆಧಾರ. ಆ ಕತೆಗೆ ಬುಡವಿಲ್ಲ ಎಂದು ಇತಿಹಾಸಕಾರರು ಆಮೇಲೆ ತೋರಿಸಿಕೊಟ್ಟರು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾಗಿದೆ ಎಂದ ಮೇಲೆ ಹಳೆಯ ನಡಾವಳಿ ಪುಸ್ತಕ, ಪತ್ರಿಕೆಯ ತುಣುಕು, ನೋಂದಣಿ ಪತ್ರ ಇವಿಷ್ಟನ್ನೂ ತಾಳೆ ನೋಡದೆ ಆಹ್ವಾನ ಪತ್ರಿಕೆಯನ್ನು ಅಚ್ಚಿಗೆ ಕಳಿಸಬೇಡಿ.

ಎರಡನೆಯದು, ಹಣ ಯಾತಕ್ಕೆ. ‘ಸಂಸ್ಥೆಯ ಬೆಳವಣಿಗೆಗೆ’ ಎಂದರೆ ಯಾರ ಮನಸ್ಸೂ ಅಲುಗುವುದಿಲ್ಲ. ಹಳೆಯ ಫೋಟೊ, ರೀಲುಗಳನ್ನು ಡಿಜಿಟಲ್ ಮಾಡುವುದು, ಎಳೆಯ ಆಟಗಾರರಿಗೆ ವಿದ್ಯಾರ್ಥಿವೇತನ ಕೊಡುವುದು, ಪ್ರದರ್ಶನದ ಕಪಾಟುಗಳನ್ನು ಹೊಸದಾಗಿಸುವುದು, ಹೀಗೆ ಕಣ್ಣಿಗೆ ಕಾಣುವ ಒಂದೇ ಗುರಿ ಇಟ್ಟುಕೊಳ್ಳಿ. ವಾರ್ಷಿಕೋತ್ಸವದ ವರ್ಷಕ್ಕೆ ಹಳೆಯ ದಾಖಲೆಗಳ ರಕ್ಷಣೆ ಚೆನ್ನಾಗಿ ಹೊಂದುತ್ತದೆ.

ದಿನಾಂಕ ಗೊತ್ತುಮಾಡುವಾಗ ಆ ಪ್ರದೇಶದ ಮುಖ್ಯ ಆಟದ ಋತು, ಫೈನಲ್ ಪಂದ್ಯಗಳು, ಶಾಲಾ ಪರೀಕ್ಷೆಗಳು ಅಡ್ಡ ಬರದಂತೆ ನೋಡಿ. ಹಿರಿಯ ಸದಸ್ಯರ ವಯಸ್ಸನ್ನು ನೆನೆದು, ವಿಪರೀತ ಚಳಿ, ಮಳೆ, ಬಿಸಿಲಿನ ತಿಂಗಳನ್ನೂ ಬಿಡಿ.

ಎರಡನೆಯ ಹೆಜ್ಜೆ: ಆಯ್ಕೆ

ಇದನ್ನು ಸಮಾರಂಭಕ್ಕೆ ಏಳೆಂಟು ತಿಂಗಳು ಇರುವಾಗಲೇ ಮುಗಿಸಬೇಕು. ನಿಯಮಗಳು ಬರಹದಲ್ಲಿರಲಿ, ಯಾರು ಬೇಕಾದರೂ ಓದುವಂತಿರಲಿ. ಈ ಪ್ರದೇಶದವರು ಎಂದರೆ ಯಾರು: ಇಲ್ಲಿ ಹುಟ್ಟಿದವರೋ, ಇಲ್ಲಿ ಆಡಿದವರೋ, ಎಷ್ಟು ವರ್ಷ ಆಡಿರಬೇಕು? ಪ್ರಾದೇಶಿಕ ಸಂಸ್ಥೆಗಳಲ್ಲಿ ಹೆಚ್ಚು ಜಗಳ ಹುಟ್ಟುವುದು ಈ ಸಾಲಿನಿಂದಲೇ. ನಿವೃತ್ತಿಯಾಗಿ ಎಷ್ಟು ಕಾಲ ಕಳೆದಿರಬೇಕು ಎಂಬುದನ್ನೂ ಬರೆಯಿರಿ. ಕ್ರಿಕೆಟ್‌ನ ಐಸಿಸಿ ಹಾಲ್ ಆಫ್ ಫೇಮ್‌ನಲ್ಲಿ, ಅಮೆರಿಕದ ಬೇಸ್‌ಬಾಲ್ ಮತ್ತು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಹಾಲ್‌ಗಳಲ್ಲಿ ಇದು ಐದು ವರ್ಷ. ಟೊರಾಂಟೊದಲ್ಲಿರುವ ಐಸ್ ಹಾಕಿಯ ಹಾಲ್ ಆಫ್ ಫೇಮ್‌ನಲ್ಲಿ ಮೂರು. ಅಲ್ಲಿ ಆಯ್ಕೆ ಸಮಿತಿಯಲ್ಲಿ 18 ಜನ, ಒಬ್ಬರು ಆಯ್ಕೆಯಾಗಲು 14 ಮತ ಬೇಕು. ಬೇಸ್‌ಬಾಲ್‌ನಲ್ಲಿ ನೂರಕ್ಕೆ 75 ಮತ. ಬರೀ ಬಹುಮತ ಸಾಕೆಂದು ಬಿಟ್ಟರೆ ಸಮಿತಿ ಎರಡು ಬಣವಾಗುತ್ತದೆ. ಮುಕ್ಕಾಲು ಪಾಲು ಮತ ಬೇಕೆಂದರೆ ಎದುರು ಕೂತವರನ್ನು ಒಪ್ಪಿಸಲೇಬೇಕಾಗುತ್ತದೆ. ಸಣ್ಣ ಸಂಸ್ಥೆಯೂ ಈ ಮಟ್ಟವನ್ನೇ ಇಟ್ಟುಕೊಳ್ಳಲಿ. ಮತದಾನ ಗುಪ್ತವಾಗಿರಲಿ. ಬಂಧುವೋ ಶಿಷ್ಯನೋ ಪಟ್ಟಿಯಲ್ಲಿದ್ದರೆ ಆ ಸದಸ್ಯರು ಚರ್ಚೆಯ ಹೊತ್ತಿನಲ್ಲೇ ಎದ್ದು ಹೊರಗೆ ಹೋಗಲಿ, ಮತದ ಹೊತ್ತಿಗಷ್ಟೇ ಹೋದರೆ ಸಾಲದು.

ವಾರ್ಷಿಕೋತ್ಸವದ ವರ್ಷ ಸಂಖ್ಯೆ ಹೆಚ್ಚಿಸುವ ಆಸೆ ಬರುತ್ತದೆ. ಇಪ್ಪತ್ತೈದನೆಯ ವರ್ಷ, ಹತ್ತು ಜನರನ್ನು ಸೇರಿಸೋಣ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ವಿಡಿಯೊ, ಫಲಕ ಪ್ರದಾನ, ಮಾತು, ಫೋಟೊ ಸೇರಿ ಒಬ್ಬರಿಗೆ ಹನ್ನೆರಡು ನಿಮಿಷವಾದರೂ ಬೇಕು. ಆರು ಜನರಾದರೆ 72 ನಿಮಿಷ, ಹತ್ತು ಜನರಾದರೆ ಎರಡು ಗಂಟೆ. ಹತ್ತನೆಯವರು ವೇದಿಕೆಗೆ ಬರುವಾಗ ಅರ್ಧ ಸಭೆ ಖಾಲಿಯಾಗಿರುತ್ತದೆ. ಆ ಅವಮಾನವನ್ನು ಯಾರಿಗೂ ಮಾಡಬಾರದು. ಐದಾರು ಜನ ಸಾಕು, ಮೂವರೇ ಅರ್ಹರೆನಿಸಿದರೆ ಮೂವರೇ ಸಾಕು. 2013ರಲ್ಲಿ ಬೇಸ್‌ಬಾಲ್ ಹಾಲ್‌ಗೆ ಆಟಗಾರರನ್ನು ಆರಿಸುವ ಕ್ರೀಡಾ ಬರಹಗಾರರ ಮತದಾನದಲ್ಲಿ ಒಬ್ಬರೂ 75ರ ಗಡಿ ದಾಟಲಿಲ್ಲ. ಬೇರೊಂದು ಸಮಿತಿ ಆರಿಸಿದ, ಎಂದೋ ತೀರಿಕೊಂಡಿದ್ದ ಮೂವರ ಸೇರ್ಪಡೆಯೊಂದಿಗೇ ಆ ವರ್ಷದ ಸಮಾರಂಭ ನಡೆಯಿತು.

ಈ ವರ್ಷ ನಿಜವಾಗಿ ಮಾಡಬೇಕಾದ ಹೆಚ್ಚಿನ ಕೆಲಸ ಬೇರೆಯೇ ಇದೆ. ಇದುವರೆಗಿನ ಪೂರ್ತಿ ಪಟ್ಟಿಯನ್ನು ಮೇಜಿನ ಮೇಲೆ ಹರವಿ, ಯಾರು ಇಲ್ಲ ಎಂದು ಹುಡುಕಿ. ಹೆಣ್ಣುಮಕ್ಕಳು ಎಷ್ಟು ಜನ? ಪ್ಯಾರಾ ಕ್ರೀಡಾಪಟುಗಳು? ಪತ್ರಿಕೆಗಳು ಬರೆಯದೇ ಹೋದ ಆಟಗಳವರು? ಹಣದ, ಜಾತಿಯ, ಬಣ್ಣದ ಕಾರಣಕ್ಕೆ ದೊಡ್ಡ ಕ್ಲಬ್ಬುಗಳ ಬಾಗಿಲು ತೆರೆಯದವರು? 1966ರಲ್ಲಿ ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸ್ ತಮ್ಮ ಸೇರ್ಪಡೆಯ ಭಾಷಣದಲ್ಲೇ, ಬಣ್ಣದ ಕಾರಣಕ್ಕೆ ಮುಖ್ಯ ಲೀಗ್‌ಗಳಿಂದ ಹೊರಗಿಡಲಾಗಿದ್ದ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಅವರಂಥವರಿಗೂ ಇಲ್ಲಿ ಜಾಗ ಸಿಗಲಿ ಎಂದು ಕೇಳಿಕೊಂಡರು. ಪೇಜ್ 1971ರಲ್ಲಿ, ಗಿಬ್ಸನ್ 1972ರಲ್ಲಿ ಸೇರಿದರು. ಗಿಬ್ಸನ್ ತೀರಿಕೊಂಡು ಆಗಲೇ ಕಾಲು ಶತಮಾನವಾಗಿತ್ತು. ನಿಮ್ಮ ಪಟ್ಟಿಯಲ್ಲೂ ಇಂಥ ಖಾಲಿ ಜಾಗಗಳಿವೆ ಎಂದೇ ತಿಳಿದು ಹುಡುಕಾಟ ಶುರುಮಾಡಿ. ಇದಕ್ಕಾಗಿ ಇಬ್ಬರು ಮೂವರ ಒಂದು ಚರಿತ್ರೆ ಉಪಸಮಿತಿ ಮಾಡಿ, ಹಳೆಯ ಆಟಗಾರರನ್ನೂ ನಿವೃತ್ತ ದೈಹಿಕ ಶಿಕ್ಷಕರನ್ನೂ ಮಾತಾಡಿಸಿ. ಮೌಖಿಕ ನೆನಪುಗಳಲ್ಲಿ ಸಿಗುವ ಹೆಸರುಗಳು ಕಡತದಲ್ಲಿ ಸಿಗುವುದಿಲ್ಲ.

ಆಯ್ಕೆಯಾದವರಿಗೆ ಅಧ್ಯಕ್ಷರೇ ಫೋನ್ ಮಾಡಲಿ, ಪತ್ರಿಕೆಗೆ ಸುದ್ದಿ ಹೋಗುವ ಮುನ್ನ. ಒಪ್ಪಿಗೆ ಕೇಳುವುದು ಬರೀ ಶಿಷ್ಟಾಚಾರವೆಂದು ತಿಳಿಯಬೇಡಿ. 2018ರಲ್ಲಿ ಆಟಗಾರ ಟೆರೆಲ್ ಓವೆನ್ಸ್ ಅಮೆರಿಕನ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಸಮಾರಂಭಕ್ಕೆ ಹೋಗದೆ, ತಾವು ಓದಿದ ಚಟ್ಟನೂಗದಲ್ಲಿ ಬೇರೆಯೇ ಭಾಷಣ ಮಾಡಿದರು. ಹಳೆಯ ನೋವು, ಸಂಘದೊಂದಿಗಿನ ಮುನಿಸು ಏನಿದ್ದರೂ ಆ ಮೊದಲ ಕರೆಯಲ್ಲೇ ತಿಳಿದುಬರಲಿ. ಹೆಸರು ಹೇಗೆ ಬರೆಯಬೇಕು, ಹೇಗೆ ಕರೆಯಬೇಕು, ಜೊತೆಗೆ ಎಷ್ಟು ಜನ ಬರುತ್ತಾರೆ, ಮೆಟ್ಟಿಲು ಹತ್ತಲು ಆಗುತ್ತದೆಯೇ, ಭಾಷಣಕ್ಕೆ ಎಷ್ಟು ನಿಮಿಷ ಸಿಗುತ್ತದೆ, ಇವನ್ನೆಲ್ಲ ಆಗಲೇ ಮಾತಾಡಿ ಮುಗಿಸಿ.

ಮೂರನೆಯ ಹೆಜ್ಜೆ: ಪ್ರಾಯೋಜಕರು

ಎಲ್ಲಕ್ಕೂ ಮೊದಲು ಒಂದು ಗೋಡೆ ಎಬ್ಬಿಸಿ. ಪ್ರಾಯೋಜಕರನ್ನು ಭೇಟಿಯಾಗುವವರು ಆಯ್ಕೆ ಸಮಿತಿಯಲ್ಲಿರಬಾರದು, ಆಯ್ಕೆ ಸಮಿತಿಯವರು ಹಣದ ಮಾತಿಗೆ ಹೋಗಬಾರದು. ‘ಪ್ರಾಯೋಜಕತ್ವಕ್ಕೂ ಆಯ್ಕೆಗೂ ಯಾವ ಸಂಬಂಧವೂ ಇಲ್ಲ’ ಎಂಬ ಸಾಲು ಪ್ರತಿ ಒಪ್ಪಂದದಲ್ಲೂ ಇರಲಿ. ದೊಡ್ಡ ದಾನಿಯೊಬ್ಬರು ‘ನಮ್ಮ ತಂದೆಯವರ ಹೆಸರನ್ನೂ ಒಮ್ಮೆ ನೋಡಿ’ ಎಂದಾಗ, ಕೇಳಿಸಿಕೊಂಡವರಿಗೆ ಇಲ್ಲ ಎನ್ನುವ ಕಷ್ಟವೇ ಬರುವುದಿಲ್ಲ. ನಾಮನಿರ್ದೇಶನದ ಅರ್ಜಿ ಇಲ್ಲಿದೆ, ಎಲ್ಲರಂತೆ ತುಂಬಿ ಕಳಿಸಿ, ಅದು ನಮ್ಮ ಕೈಯಲ್ಲಿಲ್ಲ ಎಂದರೆ ಸಾಕು.

ಆಮೇಲೆ ಬಜೆಟ್. ಖರ್ಚನ್ನು ಎರಡು ಭಾಗ ಮಾಡಿ. ಎಷ್ಟೇ ಜನ ಬಂದರೂ ಬದಲಾಗದ್ದು ಒಂದು ಕಡೆ: ಸಭಾಂಗಣ, ವೇದಿಕೆ, ಧ್ವನಿ, ಬೆಳಕು, ಫಲಕಗಳು, ವಿಡಿಯೊ, ಸನ್ಮಾನಿತರ ಪ್ರಯಾಣ ಮತ್ತು ವಸತಿ, ವಿಮೆ, ಅಚ್ಚು. ತಲೆಗೆ ಇಷ್ಟು ಎಂದು ಏರುವ ಊಟ, ಕುರ್ಚಿ, ಸ್ಮರಣಿಕೆಗಳು ಇನ್ನೊಂದು ಕಡೆ. ಟಿಕೆಟ್ಟಿನ ಹಣ ತಲೆಲೆಕ್ಕದ ಖರ್ಚನ್ನು ತಾನೇ ತೀರಿಸಿಕೊಳ್ಳಬೇಕು. ಬದಲಾಗದ ಖರ್ಚು ಪೂರ್ತಿಯಾಗಿ ಪ್ರಾಯೋಜಕರಿಂದ ಬರಬೇಕು. ಹೀಗೆ ಮಾಡಿದರೆ ಹರಾಜು, ಸ್ಮರಣ ಸಂಚಿಕೆಯ ಜಾಹೀರಾತು, ಅಂದು ಬರುವ ಬಿಡಿ ದೇಣಿಗೆಗಳೆಲ್ಲ ನೀವು ಹೇಳಿಕೊಂಡ ಗುರಿಗೇ ಹೋಗುತ್ತವೆ, ಮತ್ತು ಹಾಗೆಂದು ವೇದಿಕೆಯ ಮೇಲಿಂದ ಧೈರ್ಯವಾಗಿ ಹೇಳಬಹುದು. ಹೊಸ ಪ್ರಾಯೋಜಕರು ಸಿಕ್ಕೇ ಸಿಗುತ್ತಾರೆ ಎಂಬ ನಂಬಿಕೆಯ ಮೇಲೆ ದೊಡ್ಡ ಸಭಾಂಗಣ ಹಿಡಿಯಬೇಡಿ. ಕಳೆದ ವರ್ಷ ನಿಜವಾಗಿ ಬಂದ ಮೊತ್ತವೇ ನಿಮ್ಮ ಆಧಾರ. ಅದರ ಮೇಲೆ ಬಂದದ್ದು ಗುರಿಯ ನಿಧಿಗೆ.

ಪ್ರಾಯೋಜಕತ್ವದ ಹಂತಗಳನ್ನು ಅತಿಯಾಗಿ ಹೆಚ್ಚಿಸಬೇಡಿ. ಮುಖ್ಯ ಪ್ರಾಯೋಜಕರು ಒಬ್ಬರೇ. ಅವರ ಕೆಳಗೆ ಎರಡು ಮೂರು ಸಹ ಪ್ರಾಯೋಜಕರು. ಮೂರನೆಯ ಹಂತದಲ್ಲಿ ಒಂದೊಂದು ಕೆಲಸಕ್ಕೆ ಒಬ್ಬರು: ವಿಡಿಯೊಗಳಿಗೆ ಒಬ್ಬರು, ಸ್ವಾಗತ ಕೂಟಕ್ಕೆ ಒಬ್ಬರು, ವಿದ್ಯಾರ್ಥಿವೇತನಕ್ಕೆ ಒಬ್ಬರು, ಹಿರಿಯ ಸದಸ್ಯರ ಪ್ರಯಾಣಕ್ಕೆ ಒಬ್ಬರು. ಆಮೇಲೆ ಮೇಜು ಕಾಯ್ದಿರಿಸುವವರು, ಕೊನೆಗೆ ಸಂಚಿಕೆಯ ಜಾಹೀರಾತು. ಈ ಮೂರನೆಯ ಹಂತಕ್ಕೆ ಹೆಚ್ಚು ಗಮನ ಕೊಡಿ ಎನ್ನುತ್ತೇನೆ. ‘ಬೆಳ್ಳಿ’, ‘ಕಂಚು’ ಎಂಬ ಹೆಸರುಗಳು ಕೊಡುವವರಿಗೆ ಏನನ್ನೂ ಹೇಳುವುದಿಲ್ಲ. ‘ಎಂಬತ್ತು ದಾಟಿದ ನಮ್ಮ ಹಳೆಯ ಆಟಗಾರರು ಈ ಸಂಜೆಗೆ ಬಂದು ಹೋಗುವ ಖರ್ಚು ನಿಮ್ಮದು’ ಎಂದರೆ ಒಂದು ಸಣ್ಣ ಅಂಗಡಿಯ ಯಜಮಾನರೂ ಹೆಮ್ಮೆಯಿಂದ ಒಪ್ಪುತ್ತಾರೆ.

ವಸ್ತು ರೂಪದ ಸಹಾಯವನ್ನು, ಅಂದರೆ ಅಚ್ಚು, ಹೂವು, ವಾಹನ, ಧ್ವನಿವ್ಯವಸ್ಥೆ ಇಂಥವನ್ನು, ಸಂತೋಷದಿಂದ ತೆಗೆದುಕೊಳ್ಳಿ. ಆದರೆ ನಿಮ್ಮ ಬಜೆಟ್ಟಿನಲ್ಲಿ ಮೊದಲೇ ಇದ್ದ ಖರ್ಚನ್ನು ಅದು ಉಳಿಸಿದರೆ ಮಾತ್ರ ಪ್ರಾಯೋಜಕತ್ವದ ಹಂತಕ್ಕೆ ಲೆಕ್ಕ ಹಿಡಿಯಿರಿ. ಬೇಡದ ವಸ್ತುವಿಗೆ ದೊಡ್ಡ ಜಾಗದಲ್ಲಿ ಹೆಸರು ಹಾಕಿದರೆ ಹಣ ಕೊಟ್ಟವರಿಗೆ ಅನ್ಯಾಯ.

ಯಾರಿಂದ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಯಾರೂ ಬಾಗಿಲು ತಟ್ಟುವ ಮುನ್ನವೇ ತೀರ್ಮಾನಿಸಿ. ಆಟಗಾರರನ್ನು ಗೌರವಿಸುವ, ವಿದ್ಯಾರ್ಥಿಗಳು ಕೂರುವ ಸಭೆಯಲ್ಲಿ ತಂಬಾಕು, ಮದ್ಯ, ಬೆಟ್ಟಿಂಗ್ ಕಂಪನಿಗಳ ಹೆಸರು ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಟ್ಟಿಂಗ್ ವಿಷಯದಲ್ಲಂತೂ ಎರಡು ಮಾತೇ ಇಲ್ಲ: ಆಟದ ಪ್ರಾಮಾಣಿಕತೆಯನ್ನು ಕೊಂಡಾಡುವ ವೇದಿಕೆಗೆ ಆ ಹಣ ಒಗ್ಗುವುದಿಲ್ಲ. ದೊಡ್ಡ ಮೊತ್ತದ ಚೆಕ್ಕು ಎದುರಿಗೆ ಇಟ್ಟುಕೊಂಡು ನೀತಿಯ ಬಗ್ಗೆ ಚರ್ಚಿಸಲು ಕೂತರೆ ಚೆಕ್ಕೇ ಗೆಲ್ಲುತ್ತದೆ.

ಕೇಳುವುದು ಯಾರನ್ನು? ಮೊದಲು ಆಡಳಿತ ಮಂಡಳಿಯವರೇ ತಮ್ಮ ಶಕ್ತ್ಯನುಸಾರ ಕೊಡಲಿ. ‘ನಿಮ್ಮಲ್ಲಿ ಎಷ್ಟು ಜನ ಕೊಟ್ಟಿದ್ದೀರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಮೇಲೆ ಹಿಂದಿನ ಪ್ರಾಯೋಜಕರು, ಹಿಂದೆ ಕೊಟ್ಟು ನಿಲ್ಲಿಸಿದವರು, ಹಿಂದಿನ ಸನ್ಮಾನಿತರು ಕೆಲಸ ಮಾಡಿದ ಸಂಸ್ಥೆಗಳು, ಅವರು ಓದಿದ ಶಾಲೆ ಕಾಲೇಜುಗಳ ಹಳೆಯ ವಿದ್ಯಾರ್ಥಿ ಸಂಘಗಳು, ಆ ಪ್ರದೇಶದ ಬ್ಯಾಂಕು, ಆಸ್ಪತ್ರೆ, ಕ್ರೀಡಾ ಸಾಮಗ್ರಿ ವ್ಯಾಪಾರಿಗಳು. ಕಂಪನಿಗಳು ಇಂಥ ಖರ್ಚಿನ ಹಣವನ್ನು ತಮ್ಮ ಹಣಕಾಸು ವರ್ಷದ ಆರಂಭಕ್ಕೂ ಮುಂಚೆಯೇ ಹಂಚಿಬಿಡುತ್ತವೆ. ಆದ್ದರಿಂದ ಹಳೆಯ ಪ್ರಾಯೋಜಕರಿಗೆ ಒಂಬತ್ತು ತಿಂಗಳ ಮುಂಚೆ, ಹೊಸಬರಿಗೆ ಹೆಸರುಗಳ ಪ್ರಕಟಣೆಯ ಬೆನ್ನಲ್ಲೇ ಹೋಗಿ. ‘ಈ ವರ್ಷ ಯಾರ ಸೇರ್ಪಡೆ’ ಎಂದು ಹಳಬರು ಮೊದಲೇ ಕೇಳಿದರೆ, ಪ್ರಕಟಣೆಯ ಹಿಂದಿನ ಸಂಜೆ ನಿಮಗೆ ಮೊದಲು ತಿಳಿಸುತ್ತೇವೆ ಎನ್ನಿ. ಅದೂ ಒಂದು ಗೌರವವೇ, ಅದಕ್ಕೆ ಖರ್ಚೂ ಇಲ್ಲ.

ಪತ್ರ ಒಂದು ಪುಟ ಮೀರದಿರಲಿ: ಯಾವ ವರ್ಷ, ಯಾವ ಗುರಿ, ನಿಮ್ಮಿಂದ ಇಂಥ ಹಂತಕ್ಕೆ ಇಷ್ಟು ಮೊತ್ತ, ನಿಮಗೆ ಸಿಗುವುದು ಇದು. ಎಷ್ಟಾದರೂ ಕೊಡಿ ಎಂದು ಬರೆಯಬೇಡಿ. ಮೊತ್ತ ಹೇಳದ ಪತ್ರಕ್ಕೆ ಉತ್ತರ ಕೊಡುವುದು ಓದಿದವರಿಗೂ ಕಷ್ಟ. ಪತ್ರದ ಮೇಲೆ ಒಂದು ವಾರ ಬಿಟ್ಟು ಇಬ್ಬರು ಖುದ್ದಾಗಿ ಹೋಗಿ, ಇಬ್ಬರಲ್ಲಿ ಒಬ್ಬರು ಹಿಂದೆ ಸೇರ್ಪಡೆಯಾದ ಆಟಗಾರರಾಗಿರಲಿ.

ಪ್ರಾಯೋಜಕರಿಗೆ ಕೊಡಬಹುದಾದದ್ದರಲ್ಲಿ ಲೋಗೊ ಎಲ್ಲಕ್ಕಿಂತ ಕಡಿಮೆ ಬೆಲೆಯದು. ಅವರ ಮನೆಯವರು, ಸಿಬ್ಬಂದಿ ತಾವು ಚಿಕ್ಕಂದಿನಲ್ಲಿ ಮೆಚ್ಚಿದ ಆಟಗಾರರ ಪಕ್ಕ ಕೂತು ಮಾತಾಡಿದ್ದನ್ನು ವರ್ಷಗಟ್ಟಲೆ ನೆನೆಯುತ್ತಾರೆ. ಇಲ್ಲಿ ಒಂದು ಎಚ್ಚರ: ಅಂದು ಸೇರ್ಪಡೆಯಾಗುವವರನ್ನು ಪ್ರಾಯೋಜಕರ ಮೇಜಿಗೆ ಹಂಚಬೇಡಿ, ಅವರು ತಮ್ಮ ಕುಟುಂಬದೊಂದಿಗೇ ಕೂರಬೇಕು. ಹಿಂದಿನ ವರ್ಷಗಳ ಸನ್ಮಾನಿತರನ್ನು ಕೇಳಿ, ಒಪ್ಪಿದವರನ್ನು ಮೇಜಿಗೊಬ್ಬರಂತೆ ಕೂರಿಸಿ. ವಾರ್ಷಿಕೋತ್ಸವಕ್ಕೆ ಹಳಬರೆಲ್ಲ ಬರುವುದರಿಂದ ಈ ವರ್ಷ ಇದು ಸುಲಭ.

ಮಾರಬಾರದ್ದೂ ಇದೆ. ಫಲಕದ ಮೇಲೆ ಪ್ರಾಯೋಜಕರ ಹೆಸರು ಬೇಡ. ಫಲಕವನ್ನು ಪ್ರಾಯೋಜಕರ ಕೈಯಿಂದ ಕೊಡಿಸುವುದೂ ಬೇಡ, ಅದು ಕೋಚ್‌ಗೆ, ಸಹ ಆಟಗಾರರಿಗೆ, ಹಳೆಯ ಸನ್ಮಾನಿತರಿಗೆ ಸೇರಿದ ಹಕ್ಕು. ಮುಖ್ಯ ಪ್ರಾಯೋಜಕರಿಗೆ ಸೇರ್ಪಡೆ ಶುರುವಾಗುವ ಮುನ್ನ ಎರಡು ನಿಮಿಷದ ಮಾತಿಗೆ ಅವಕಾಶ ಕೊಡಿ. ಉಳಿದವರ ಹೆಸರನ್ನು ನಿರೂಪಕರು ತಪ್ಪಿಲ್ಲದೆ ಓದಿದರೆ ಸಾಕು.

ಒಪ್ಪಂದ ಎರಡು ಪುಟದ್ದೇ ಆದರೂ ಬರಹದಲ್ಲಿರಲಿ: ಮೊತ್ತ, ಕಂತು, ಲೋಗೊ ಕಳಿಸುವ ಕೊನೆಯ ದಿನ, ಎಷ್ಟು ಆಸನ, ಅದೇ ವ್ಯಾಪಾರದ ಇನ್ನೊಬ್ಬರನ್ನು ಸೇರಿಸಿಕೊಳ್ಳಬಹುದೇ, ಸಮಾರಂಭ ಮುಂದೂಡಿದರೆ ಏನು. ಅರ್ಧ ಹಣ ಸಹಿಯ ದಿನ, ಉಳಿದದ್ದು ಸಮಾರಂಭಕ್ಕೆ ಮೂವತ್ತು ದಿನ ಇರುವಾಗ. ವಾರ್ಷಿಕೋತ್ಸವದ ಉತ್ಸಾಹ ಮರುವರ್ಷ ಇಳಿದೇ ಇಳಿಯುತ್ತದೆ, ಅದಕ್ಕೇ ಈ ವರ್ಷವೇ ಮೂರು ವರ್ಷದ ಒಪ್ಪಂದ ಕೇಳಿ. ವಾರ್ಷಿಕೋತ್ಸವಕ್ಕೆ ಹೆಚ್ಚು, ಮುಂದಿನ ಎರಡು ವರ್ಷ ಕಡಿಮೆ ಎಂದರೂ ಸರಿ. ತೆರಿಗೆಯ ಮಾತನ್ನು ಲೆಕ್ಕಪರಿಶೋಧಕರಿಗೆ ಬಿಡಿ. ಪ್ರತಿಫಲ ಪಡೆದ ಹಣವೂ ಬರಿಯ ದೇಣಿಗೆಯೂ ಒಂದೇ ಆಗುವುದಿಲ್ಲ. ಅಮೆರಿಕ, ಕೆನಡಾಗಳಲ್ಲಿ ಟಿಕೆಟ್ಟಿನ ಮೊತ್ತದಿಂದ ಊಟದಂಥ ಪ್ರತಿಫಲದ ಬೆಲೆಯನ್ನು ಕಳೆದು ಉಳಿದದ್ದಕ್ಕಷ್ಟೇ ದೇಣಿಗೆಯ ವಿನಾಯಿತಿ ಸಿಗುತ್ತದೆ. ನಿಮ್ಮಲ್ಲಿನ ನಿಯಮ ಕೇಳಿಕೊಂಡು ರಸೀದಿಯ ಒಕ್ಕಣೆ ಸಿದ್ಧಮಾಡಿ.

ನಾಲ್ಕನೆಯ ಹೆಜ್ಜೆ: ಫಲಕ, ಒಕ್ಕಣೆ, ವಿಡಿಯೊ

ಸಂಜೆ ಮುಗಿದ ಮೇಲೂ ಉಳಿಯುವುದು ಫಲಕ. ಬೇಸ್‌ಬಾಲ್ ಆಟಗಾರ ರಾಬರ್ಟೊ ಕ್ಲೆಮೆಂಟೆ ಅವರ 1973ರ ಫಲಕದಲ್ಲಿ ಹೆಸರು ‘ರಾಬರ್ಟೊ ವಾಕರ್ ಕ್ಲೆಮೆಂಟೆ’ ಎಂದು ಅಚ್ಚಾಯಿತು. ಅವರ ಪೋರ್ಟೊ ರಿಕೊದ ಪದ್ಧತಿಯಲ್ಲಿ ತಾಯಿಯ ಮನೆತನದ ಹೆಸರು ಕೊನೆಗೆ ಬರಬೇಕು. ಫಲಕ ಬದಲಾಗಿ ‘ರಾಬರ್ಟೊ ಕ್ಲೆಮೆಂಟೆ ವಾಕರ್’ ಎಂದಾಗಲು 2000ದವರೆಗೆ ಕಾಯಬೇಕಾಯಿತು. ಜಾಕಿ ರಾಬಿನ್ಸನ್ ಅವರ 1962ರ ಫಲಕದಲ್ಲಿ ಅವರ ಆಟದ ಅಂಕಿಅಂಶಗಳಷ್ಟೇ ಇದ್ದವು. ಬೇಸ್‌ಬಾಲ್‌ನ ಮುಖ್ಯ ಲೀಗ್‌ಗಳ ವರ್ಣಭೇದದ ಗೋಡೆಯನ್ನು ಅವರು ಮುರಿದದ್ದರ ಮಾತು ಸೇರಿದ್ದು 2008ರ ಹೊಸ ಫಲಕದಲ್ಲಿ. ಈ ಎರಡರಿಂದ ಸಣ್ಣ ಸಮಿತಿ ಕಲಿಯುವುದು ಸರಳವಾಗಿದೆ. ಹೆಸರಿನ ಅಕ್ಷರಗಳಿಗೆ ಸನ್ಮಾನಿತರ ಅಥವಾ ಮನೆಯವರ ಸಹಿ ಪಡೆಯಿರಿ. ಒಕ್ಕಣೆಯಲ್ಲಿ ಪದಕಗಳ ಪಟ್ಟಿಯಷ್ಟೇ ಬೇಡ, ಈ ಪ್ರದೇಶದ ಆಟದಲ್ಲಿ ಇವರಿಂದ ಏನು ಬದಲಾಯಿತು ಎಂಬ ಒಂದು ವಾಕ್ಯ ಇರಲೇಬೇಕು. ಅರವತ್ತರಿಂದ ಎಂಬತ್ತು ಪದ ಸಾಕು. ಪ್ರತಿ ದಾಖಲೆಯನ್ನೂ ಎರಡು ಕಡೆ ತಾಳೆ ನೋಡಿ, ಹತ್ತು ವಾರ ಮುಂಚೆ ಫಲಕಕ್ಕೆ ಹೇಳಿ, ಎರಕಕ್ಕೋ ಕೆತ್ತನೆಗೋ ಮುನ್ನ ಕರಡನ್ನು ಇದುವರೆಗೆ ನೋಡದ ಒಬ್ಬರಿಂದ ಓದಿಸಿ.

ವಿಡಿಯೊ ಎರಡೂವರೆ ನಿಮಿಷ. ಹಳೆಯ ಪಂದ್ಯದ ದೃಶ್ಯ, ಪತ್ರಿಕಾ ಫೋಟೊ, ಹಾಡು ಮೂರಕ್ಕೂ ಹಕ್ಕುದಾರರ ಅನುಮತಿ ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮನೆಯ ಆಲ್ಬಮ್ಮಿನ ಫೋಟೊ, ಹಳೆಯ ಜೊತೆಗಾರರ ಮಾತು ಇದ್ದರೆ ಅದೇ ಹೆಚ್ಚು ಮನಸ್ಸಿಗೆ ತಟ್ಟುತ್ತದೆ.

ಐದನೆಯ ಹೆಜ್ಜೆ: ಹಳಬರನ್ನು ಕರೆತರುವುದು

ಬೇರೆ ವರ್ಷಗಳಿಗೂ ವಾರ್ಷಿಕೋತ್ಸವಕ್ಕೂ ಇರುವ ನಿಜವಾದ ವ್ಯತ್ಯಾಸ ಇದೊಂದೇ ಎನ್ನಬಹುದು. ಆರು ತಿಂಗಳ ಮುಂಚೆ ಎಲ್ಲ ಸನ್ಮಾನಿತರ ವಿಳಾಸ, ಫೋನ್ ಹೊಸದಾಗಿ ಕೂಡಿಸಿ. ತೀರಿಕೊಂಡವರ ಮನೆಯವರನ್ನೂ ಹುಡುಕಿ, ಕರೆಯಿರಿ. ಪತ್ರ ಕಳಿಸಿ ಕೈತೊಳೆದುಕೊಂಡರೆ ಹಿರಿಯರು ಬರುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಸ್ವಯಂಸೇವಕರು ಗೊತ್ತಾಗಿರಲಿ, ಅವರೇ ಫೋನ್ ಮಾಡಲಿ, ಕರೆತರಲಿ, ರಾತ್ರಿ ಮನೆ ಮುಟ್ಟಿಸಲಿ.

ಅವರು ಬಂದ ಮಧ್ಯಾಹ್ನವನ್ನು ಪೋಲು ಮಾಡಬೇಡಿ. ಸಭಾಂಗಣದ ಬಳಿ ಸದ್ದಿಲ್ಲದ ಒಂದು ಕೋಣೆಯಲ್ಲಿ ಕ್ಯಾಮೆರಾ, ಒಳ್ಳೆಯ ಮೈಕು ಇಟ್ಟು, ಒಬ್ಬೊಬ್ಬರಿಂದ ಇಪ್ಪತ್ತು ನಿಮಿಷದ ನೆನಪುಗಳನ್ನು ದಾಖಲಿಸಿ. ಬಳಕೆಗೆ ಅವರ ಲಿಖಿತ ಒಪ್ಪಿಗೆ ಪಡೆಯಿರಿ. ‘ನಿಮ್ಮ ದೊಡ್ಡ ಗೆಲುವು ಯಾವುದು’ ಎಂದು ಕೇಳಿದರೆ ನೂರು ಸಲ ಹೇಳಿದ ಉತ್ತರವೇ ಬರುತ್ತದೆ. ಮೊದಲ ಶೂ ಎಲ್ಲಿಂದ ಬಂತು, ಮೈದಾನಕ್ಕೆ ಹೇಗೆ ಹೋಗುತ್ತಿದ್ದಿರಿ, ನಿಮ್ಮ ಕಾಲದಲ್ಲಿ ನಿಮಗಿಂತ ಚೆನ್ನಾಗಿ ಆಡಿ ಹೆಸರಿಲ್ಲದೇ ಹೋದವರು ಯಾರು ಎಂದು ಕೇಳಿ. ಕೊನೆಯ ಪ್ರಶ್ನೆಯ ಉತ್ತರಗಳನ್ನು ನೇರ ಚರಿತ್ರೆ ಉಪಸಮಿತಿಗೆ ಕೊಡಿ.

ಗುಂಪು ಫೋಟೊಗೆ ಸಮಯ ಗೊತ್ತುಮಾಡಿ, ಅರ್ಧ ಗಂಟೆ ಮುಂಚಿನ ಸಮಯವನ್ನೇ ಎಲ್ಲರಿಗೂ ತಿಳಿಸಿ. 1939ರ ಕೂಪರ್ಸ್‌ಟೌನ್‌ನ ಪ್ರಸಿದ್ಧ ಚಿತ್ರದಲ್ಲಿ, ಆಗ ಬದುಕಿದ್ದ ಹನ್ನೊಂದು ಸದಸ್ಯರ ಪೈಕಿ ಹತ್ತು ಮಂದಿಯಷ್ಟೇ ಇದ್ದಾರೆ. ಮೊದಲ ಚುನಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದಿದ್ದ ಟೈ ಕಾಬ್ ತಡವಾಗಿ ಬಂದಿದ್ದರು.

ಆರನೆಯ ಹೆಜ್ಜೆ: ಆ ಸಂಜೆ

ಒಟ್ಟು ಮೂರು ಗಂಟೆ ಮೀರದಿರಲಿ. ಸ್ವಾಗತ ಕೂಟಕ್ಕೆ ಮುಕ್ಕಾಲು ಗಂಟೆ. ಎಲ್ಲರೂ ಕೂತ ಮೇಲೆ ಹತ್ತು ನಿಮಿಷದಲ್ಲಿ ಸ್ವಾಗತ, ಮುಖ್ಯ ಪ್ರಾಯೋಜಕರ ಮಾತು. ಆಮೇಲೆ ಹಳೆಯ ಸನ್ಮಾನಿತರ ಹೆಸರನ್ನು ಸೇರ್ಪಡೆಯ ವರ್ಷದ ಸಮೇತ ಒಂದೊಂದಾಗಿ ಕರೆಯಿರಿ, ಇದ್ದಲ್ಲೇ ಏಳಲಿ ಅಥವಾ ಕೈ ಎತ್ತಲಿ. ಅಗಲಿದವರ ಹೆಸರುಗಳನ್ನು ಪರದೆಯ ಮೇಲೆ ತೋರಿಸಿ. ಮೂವರ ಸೇರ್ಪಡೆ, ಊಟ, ಹರಾಜಿದ್ದರೆ ಹದಿನೈದೇ ನಿಮಿಷದ್ದು, ಉಳಿದ ಮೂವರ ಸೇರ್ಪಡೆ. ಕೊನೆಯ ಸನ್ಮಾನಿತರ ಮಾತಿನ ಮೇಲೆ ಹರಾಜನ್ನೋ ಪ್ರಕಟಣೆಗಳನ್ನೋ ಹೇರಬೇಡಿ, ಎರಡು ವಾಕ್ಯದ ವಂದನಾರ್ಪಣೆಯೊಂದಿಗೆ ಮುಗಿಸಿ.

ಸರದಿಯಲ್ಲಿ ವಯಸ್ಸಾದವರು ಮೊದಲ ಭಾಗದಲ್ಲಿರಲಿ. ಹೆಸರಾಂತರನ್ನು ಕೊನೆಗಿಟ್ಟರೆ ಸಭೆ ಕೂತಿರುತ್ತದೆ. ಮರಣೋತ್ತರ ಸೇರ್ಪಡೆಯಲ್ಲಿ ಫಲಕ ಪಡೆಯುವವರು ಯಾರು ಎಂಬುದನ್ನು ಮನೆಯವರೇ ತೀರ್ಮಾನಿಸಿ ಬರೆದು ಕೊಡಲಿ. ವೇದಿಕೆಯ ಬಳಿ ಅಣ್ಣತಮ್ಮಂದಿರು ಮುಖ ನೋಡಿಕೊಳ್ಳುವಂತಾಗಬಾರದು.

ಭಾಷಣಕ್ಕೆ ಐದು ನಿಮಿಷ. 2016ರಲ್ಲಿ ಆಟಗಾರ ಬ್ರೆಟ್ ಫಾವ್ರ್ ಕ್ಯಾಂಟನ್‌ನ ಅಮೆರಿಕನ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಅರ್ಧ ಗಂಟೆಗೂ ಮೀರಿ ಮಾತಾಡಿದರು. ಅಲ್ಲಿನ ಜನ ಅದಕ್ಕೆಂದೇ ಬಂದವರು. ಆರು ಜನರ ಸಾಲಿನಲ್ಲಿ ಒಬ್ಬರು ಹಾಗೆ ಮಾತಾಡಿದರೆ ಉಳಿದವರ ಪಾಲನ್ನು ಕಸಿದಂತೆ. ಮಾತಿನ ನಡುವೆ ಗಂಟೆ ಬಾರಿಸುವುದಾಗಲಿ ಸಂಗೀತ ಹಾಕುವುದಾಗಲಿ ಖಂಡಿತ ಕೂಡದು. ಮಿತಿಯನ್ನು ಮೊದಲೇ ತಿಳಿಸಿ, ಬರೆಯಲು ಒಬ್ಬರನ್ನು ಜೊತೆಗೆ ಕೊಡಿ, ಮನೆಯಲ್ಲಿ ಗಟ್ಟಿಯಾಗಿ ಓದಿಸಿ ಗಡಿಯಾರ ನೋಡಿ. ನಾಲ್ಕು ನಿಮಿಷದೊಳಗೆ ಓದಿ ಮುಗಿದರೆ, ನಡುವೆ ಗಂಟಲು ಕಟ್ಟಿ ನಿಂತರೂ ಹೊತ್ತು ಮೀರುವುದಿಲ್ಲ. ಮಾತಾಡಲು ಅಂಜುವವರಿಗೆ ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿ ಮೂರು ಪ್ರಶ್ನೆಯ ಸಂವಾದ ಮಾಡಿ.

ವೇದಿಕೆಗೆ ಇಳಿಜಾರು ದಾರಿ, ಹಿಡಿಕೆ, ಓದಲು ಬೆಳಕಿರುವ ಭಾಷಣ ಪೀಠ, ಸಂಜ್ಞಾ ಭಾಷೆಯ ಅನುವಾದಕರು ಇರಲಿ. ಮಧ್ಯಾಹ್ನದ ತಾಲೀಮಿಗೆ ನಿರೂಪಕರು ತಪ್ಪದೆ ಬರಲಿ. ಪ್ರತಿ ಹೆಸರನ್ನೂ ಆಯಾ ವ್ಯಕ್ತಿಯ ಬಾಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಅಭ್ಯಾಸ ಮಾಡಲಿ.

ಏಳನೆಯ ಹೆಜ್ಜೆ: ಮುಗಿದ ಮೇಲೆ

ಎರಡು ದಿನದೊಳಗೆ ಸನ್ಮಾನಿತರಿಗೆ, ಪ್ರಾಯೋಜಕರಿಗೆ, ಸ್ವಯಂಸೇವಕರಿಗೆ ಧನ್ಯವಾದ, ಜೊತೆಗೆ ಅವರವರೇ ಇರುವ ಒಂದು ಫೋಟೊ. ತಿಂಗಳೊಳಗೆ ಪ್ರತಿ ಪ್ರಾಯೋಜಕರಿಗೂ ಎರಡು ಪುಟದ ವರದಿ: ಕೊಟ್ಟ ಮಾತು, ನಡೆಸಿಕೊಟ್ಟದ್ದು, ಬಂದವರ ಸಂಖ್ಯೆ, ಗುರಿಯ ನಿಧಿಗೆ ಸೇರಿದ ಹಣ. ಲೆಕ್ಕ ಹೇಳುವಾಗ ಖರ್ಚು ಕಳೆದು ಉಳಿದ ಮೊತ್ತವನ್ನೇ ಹೇಳಿ. ಒಟ್ಟು ವಸೂಲಿಯನ್ನಷ್ಟೇ ಸಾರಿದರೆ ಮುಂದಿನ ಸಲ ಅದೇ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ. ಖಜಾಂಚಿಯ ಸಹಿಯಿರುವ ಲೆಕ್ಕಪತ್ರ ಸದಸ್ಯರೆಲ್ಲರಿಗೂ ಸಿಗಲಿ. ವರದಿ ತಲುಪಿದ ಮೇಲೆಯೇ ಮುಂದಿನ ವರ್ಷದ ಪ್ರಾಯೋಜಕತ್ವದ ಮಾತೆತ್ತಿ.

ಸಮಿತಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಕೆಲಸ ಉಳಿದಿದೆ. ಈ ವರ್ಷ ನಾಮನಿರ್ದೇಶನವಾಗಿ ಆಯ್ಕೆಯಾಗದವರ ಪರವಾಗಿ ಅರ್ಜಿ ತುಂಬಿದವರಿಗೂ ಪತ್ರ ಬರೆಯಿರಿ. ಅರ್ಜಿ ಇನ್ನೆಷ್ಟು ವರ್ಷ ಚಾಲ್ತಿಯಲ್ಲಿರುತ್ತದೆ, ಯಾವ ದಾಖಲೆ ಸೇರಿಸಿದರೆ ಅದಕ್ಕೆ ಬಲ ಬರುತ್ತದೆ, ಮುಂದಿನ ನಾಮನಿರ್ದೇಶನ ಯಾವ ದಿನ ತೆರೆಯುತ್ತದೆ ಎಂಬುದನ್ನು ಅದರಲ್ಲಿ ತಿಳಿಸಿ, ಕೆಳಗೆ ಅಧ್ಯಕ್ಷರ ಸಹಿ ಹಾಕಿಸಿ ಕಳಿಸಿ.